ಬೆಂಚು ಕೇಳಿದ ಹ್ಯಾಕರ್‌ಗಳು

ಕಲ್ಯಾಣ ನಗರದ ವೈಟ್ ಸ್ವಾನ್ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ, ಹೊಂಗೆಯ ನೆರಳಿನಲ್ಲಿದ್ದ ಉದ್ದನೆಯ ಬೆಂಚನ್ನು ಜೂನ್ ತಿಂಗಳ ಎರಡನೆಯ ಮಂಗಳವಾರ ತೆಗೆಯಲಾಯಿತು. ಮನೆಗೆಲಸದ ಹೆಂಗಸರು ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಯವರು ಬಾಗಿಲು ತೆರೆಯುವವರೆಗೆ ಅದರ ಮೇಲೆ ಕೂರುತ್ತಿದ್ದರು. ಅದರ ಜಾಗದಲ್ಲಿ ಆರು ಹೂಕುಂಡಗಳನ್ನು ಇಡಲಾಯಿತು.

ಬೆಂಚನ್ನು ನೆಲಮಾಳಿಗೆಯ ಜನರೇಟರ್ ಕೋಣೆಗೆ ಹೊತ್ತು ಹಾಕಿದವರು ಇಬ್ಬರು. ಒಂದು ತುದಿ ಹಿಡಿದವನು ಸೆಕ್ಯೂರಿಟಿಯವನು. ಇನ್ನೊಂದು ತುದಿ ಹಿಡಿದವನು ಅಸೋಸಿಯೇಷನ್ ಆಫೀಸಿನ ಭೀಮೇಶ.

ಭೀಮೇಶನನ್ನು ಅಂಜುಬುರುಕ ಎನ್ನುವುದು ನ್ಯಾಯವಲ್ಲ. ಅಂಜುಬುರುಕರಿಗೆ ವರ್ಷಕ್ಕೊಮ್ಮೆಯಾದರೂ ಧೈರ್ಯ ಬರುತ್ತದೆ. ಎಂಟು ವರ್ಷದಿಂದ ವೈಟ್ ಸ್ವಾನಿನ ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿ, ನಾಯಿ ಸಾಕಿದವರು ಮತ್ತು ಸಾಕದವರ ನಡುವಿನ ಯುದ್ಧ, ಆಫೀಸಿನ ಒಂದೇ ಒಂದು ಲ್ಯಾಪ್‌ಟಾಪ್, ಇಷ್ಟನ್ನೂ ನೋಡಿಕೊಂಡಿದ್ದ ಅವನಿಗೆ ಸೆಕ್ರೆಟರಿ ಮಧುಕರ್ ಅವರ ಚಪ್ಪಲಿಯ ಸದ್ದು ಮೂರನೆಯ ಮಹಡಿಯಿಂದಲೇ ಕೇಳಿಸುತ್ತಿತ್ತು. ಹೆದರಿಕೆಯಾದ ಕೂಡಲೇ ಅವನ ಕೈ ತಾನಾಗಿ ಕೊರಳಿನ ಐಡಿ ಕಾರ್ಡಿಗೆ ಹೋಗಿ ಅದನ್ನು ಮಗುಚಿಬಿಡುತ್ತಿತ್ತು. ಫೋಟೊ ಎದೆಯ ಕಡೆಗೆ, ಖಾಲಿ ಬೆನ್ನು ಲೋಕದ ಕಡೆಗೆ. ಆ ಕಾರ್ಡಿನ ಫೋಟೊ ಉಜ್ಜಿ ಉಜ್ಜಿ ಈಗ ಮೂಗು ಮಾತ್ರ ಉಳಿದಿತ್ತು. ಅವನಿಗೆ ಹೆಸರಿಟ್ಟ ಅಪ್ಪ ಯಾವ ಭೀಮರಾಯರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೋ ಅವರ ಪಟ ಮನೆಯ ಹಾಲಿನಲ್ಲಿತ್ತು. ಆ ಪಟದ ಮುಂದೆ ಭೀಮೇಶ ಎಂದೂ ಸುಳ್ಳು ಹೇಳಿದವನಲ್ಲ. ಹೇಳಲೇಬೇಕಾದಾಗ ಅಡುಗೆಮನೆಗೆ ಹೋಗಿ ಹೇಳುತ್ತಿದ್ದ.

ಬೆಂಚು ಹೋದ ಮೇಲೆ ಬಾಲಮ್ಮ ಹೂಕುಂಡಗಳ ಪಕ್ಕ ನಿಂತೇ ಇರುತ್ತಿದ್ದಳು. ಯಾದಗಿರಿ ಕಡೆಯವಳು; ರಾಮಮೂರ್ತಿ ನಗರದಲ್ಲಿ ಭೀಮೇಶನ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಳು. ವೈಟ್ ಸ್ವಾನಿನಲ್ಲಿ ಐದು ಮನೆಗಳ ಕೆಲಸ, ಸೆರಗಿನ ತುದಿಯಲ್ಲಿ ಐದು ಮನೆಗಳ ಬೀಗದ ಕೈ, ಎಡಮೊಣಕಾಲಿನಲ್ಲಿ ನೀರು. ನೆಲದ ಮೇಲೆ ಕೂತರೆ ಏಳಲಾಗದು, ನಿಂತೇ ಇದ್ದರೆ ಸಂಜೆಗೆ ಮೊಣಕಾಲು ಊದಿಕೊಳ್ಳುವುದು. ಹೀಗೇ ನಿಲ್ಲುತ್ತಿದ್ದರೆ ತಿಂಗಳೊಪ್ಪತ್ತಿನಲ್ಲಿ ಕೆಲಸವನ್ನೇ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಒಂದು ಸಂಜೆ ಅವಳು ಭೀಮೇಶನ ಮನೆಯ ಬಾಗಿಲಿಗೆ ಬಂದು, ಒಳಗೆ ಬರದೆ, ಹೊಸ್ತಿಲಿಗೆ ಕೈ ಊರಿ ನಿಂತಳು.

"ಬೆಂಚು ನೀನs ಹೊತ್ತಿ ಅಣ್ಣಾ. ಕಾಗದಾನೂ ನೀನs ಬರಿ," ಎಂದಳು.

ಪಟ ಎದುರಿಗೇ ಇತ್ತು. ಭೀಮೇಶ ಹೂಂ ಎಂದುಬಿಟ್ಟ.

ಹಲಸೂರಿನಲ್ಲಿ ಬೈಂಡಿಂಗ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಭಾನುವಾರ ಬೆಳಗ್ಗೆ ಸೇರುತ್ತಿದ್ದ ಓದು ಬಳಗಕ್ಕೆ ಅವನು ಬಾಲಮ್ಮನನ್ನು ಕರೆದುಕೊಂಡು ಹೋದ. ಅಲ್ಲಿ ಪುಸ್ತಕ ಓದುವುದರ ಜೊತೆಗೆ ಕಾಗದ ಬರೆದುಕೊಡುವ ಪದ್ಧತಿಯೂ ಇತ್ತು. ಅದಕ್ಕೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಕಾಗದ ಯಾರ ಪರವಾಗಿ ಹೋಗುತ್ತದೋ ಅವರ ಮುಂದೆ ಅದನ್ನು ಮೂರು ಸಲ ಗಟ್ಟಿಯಾಗಿ ಓದಬೇಕು. ಅವರು ತಲೆಯಾಡಿಸದ ವಾಕ್ಯ ಉಳಿಯಕೂಡದು. ಬೇಡುವ ಮಾತು ಒಂದೂ ಇರಕೂಡದು. ಸಹಿ ಒಬ್ಬರದಾಗದೆ ಎಲ್ಲರದಾಗಿರಬೇಕು. ಈ ನಿಯಮಗಳ ಕಾವಲುಗಾರ ಸುಗತ. ಹಗಲು ಲೇತ್ ಮಿಷನ್ನಿನ ಮುಂದೆ ಕಬ್ಬಿಣ ಕೊರೆಯುವ ಆತ ಭಾನುವಾರ ವಾಕ್ಯಗಳನ್ನು ಕೊರೆಯುತ್ತಿದ್ದ.

ಭೀಮೇಶ ಬರೆದುಕೊಂಡು ಹೋಗಿದ್ದ ಕರಡಿನಲ್ಲಿ ಏಳು ಕಡೆ ‘ದಯವಿಟ್ಟು’ ಇತ್ತು. ಸುಗತ ಏಳಕ್ಕೂ ಗೆರೆ ಎಳೆದ.

"ಭೀಮೇಶಣ್ಣ, ಬೆಂಚು ಎತ್ತೋವಾಗ ಅವ್ರು ‘ದಯವಿಟ್ಟು ಎದ್ದೇಳಿ’ ಅಂದಿದ್ರಾ?"

"ಇಲ್ಲ. ‘ಏಯ್, ಏಳ್ರೇ’ ಅಂದ್ರು."

"ಮತ್ತೆ?"

ಬಾಲಮ್ಮ ತನ್ನ ಮಾತನ್ನು ತಾನೇ ಹೇಳಿದಳು. ಮನೆಯ ಬೀಗದ ಕೈ ನಮ್ಮ ಕೈಯಲ್ಲಿ ಕೊಡುತ್ತಾರೆ, ಕೂರಲು ಒಂದು ಹಲಗೆ ಕೊಡುವುದಿಲ್ಲ, ಅದನ್ನು ಬರೆಯಿರಿ ಎಂದಳು. ಸುಗತ ಸ್ವಲ್ಪ ಯೋಚಿಸಿ, ಬೀಗದ ಕೈಯ ಮಾತು ಗಟ್ಟಿಯಾಗಿದೆ, ಇರಲಿ; ಹಲಗೆಯ ಮಾತು ಗೋಳು, ಗೋಳು ಬೇಡ ಎಂದು ಅರ್ಧವನ್ನು ಕತ್ತರಿಸಿದ. ನಾವು ಅವರ ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸುತ್ತೇವೆ, ನಮಗೂ ಮಕ್ಕಳಿದ್ದಾರೆ ಎಂಬುದರಲ್ಲೂ ಹಾಗೆಯೇ ಮೊದಲ ಅರ್ಧ ಉಳಿದು ಕೊನೆಯ ಅರ್ಧ ಹೋಯಿತು. ಹೀಗೆ ಗೋಳೆಲ್ಲ ಸೋಸಿ ಹೋದ ಮೇಲೆ ಉಳಿದದ್ದನ್ನು ಮೂರು ಸಲ ಓದಲಾಯಿತು. ಬಾಲಮ್ಮ ಪ್ರತಿ ವಾಕ್ಯಕ್ಕೂ ತಲೆಯಾಡಿಸಿದಳು. ಮೂರನೆಯ ಸಲಕ್ಕೆ ಅವಳ ತುಟಿಯೂ ಜೊತೆಯಲ್ಲಿ ಆಡುತ್ತಿತ್ತು.

ಸೋಮವಾರ ಕಾಗದವನ್ನು ಸೆಕ್ರೆಟರಿಗೆ ಕೊಡುವುದು ಭೀಮೇಶನ ಹೊಣೆ. ಸೋಮವಾರ ಸಂಜೆ ಬಾಲಮ್ಮ, ಸುಗತ ಇಬ್ಬರೂ ಮನೆಗೆ ಬಂದು ಕೇಳಿದಾಗ ಅವನು ಅಡುಗೆಮನೆಗೆ ಹೋಗಿ, "ಕೊಟ್ಟೆ," ಎಂದ. ಆಮೇಲೆ ಮೂರು ವಾರ, ದಿನವೂ ಹೂಕುಂಡದ ಬಳಿಯಿಂದ ಬಾಲಮ್ಮ, "ಏನಂದ್ರಣ್ಣ?" ಎನ್ನುವಳು. ದಿನವೂ ಭೀಮೇಶ ಕಾರ್ಡು ಮಗುಚಿಕೊಂಡು, "ಪರಿಶೀಲನೆಯಲ್ಲಿದೆ," ಎನ್ನುವನು.

ಹಾಗಾದರೆ ಕಾಗದ ಎಲ್ಲಿತ್ತು? ಭೀಮೇಶನ ಊಟದ ಚೀಲದಲ್ಲಿ.

ಭೀಮೇಶ ಬಳಗದಲ್ಲಿ ಒಂದು ಕಾಲಕ್ಕೆ ಬಾಯಿಬಿಟ್ಟು, ಕಂಪ್ಯೂಟರ್ ಕೆಲಸವೆಲ್ಲ ನನಗೇ ಬಿಡಿ ಎಂದಿದ್ದ. ಸ್ವಂತ ಕಂಪ್ಯೂಟರ್ ಇರಲಿಲ್ಲ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಕನ್ನಡ ಇರಲಿಲ್ಲ. ಇದ್ದರೂ ಮಧುಕರ್ ಪ್ರತಿ ಶನಿವಾರ ಅದರಲ್ಲಿ ಯಾವ್ಯಾವ ಫೈಲು ತೆರೆದಿದೆ ಎಂದು ಕನ್ನಡಕ ಏರಿಸಿಕೊಂಡು ನೋಡುತ್ತಿದ್ದರು. ದಿಕ್ಕು ತೋಚದೆ ಶಿವಾಜಿನಗರದ ರಿಪೇರಿ ಅಂಗಡಿಯ ಮುಕ್ತಾರನ ಬಳಿ ಹೋದಾಗ ಅವನು ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಡ್ರೈವನ್ನು ಅಂಗೈ ಮೇಲೆ ಇಟ್ಟ. ಅದರೊಳಗೆ ಇನ್ನೊಂದು ಪೂರ್ತಿ ಸಿಸ್ಟಮ್ ಇತ್ತು, ಕನ್ನಡದ್ದು.

"ಇದನ್ನ ಚುಚ್ಚಿ, ಸ್ಟಾರ್ಟ್ ಆಗೋವಾಗ ಎಫ್ ಹನ್ನೆರಡು ಒತ್ತಿ, ಎರಡ್ನೇ ಸಾಲು ಆರಿಸ್ಕೊಳ್ಳಿ ಭಾಯ್," ಎಂದು ಮುಕ್ತಾರ್ ಕಲಿಸಿದ. "ಮಿಷನ್ ಅವ್ರ್ದು, ಒಳಗೆ ಓಡೋದು ನಿಮ್ದು. ಬಾಡಿಗೆ ಮನೇಗೆ ನಮ್ಮ ಸ್ಟೌ ತಗೊಂಡೋಗ್ತೀವಲ್ಲ, ಹಂಗೆ. ಅಡುಗೆ ಮಾಡ್ಕೊಳ್ಳಿ, ಸ್ಟೌ ಎತ್ಕೊಂಡು ಬನ್ನಿ. ಅವ್ರ ಗೋಡೆಗೆ ಒಂದು ಮಸಿ ಹತ್ತಲ್ಲ. ಆದ್ರೆ ಓಡ್ತಾ ಇರೋವಾಗ ಮಾತ್ರ ಎಳೀಬೇಡಿ. ಎಳೆದ್ರೆ ಒಳಗಿರೋದು ಉಳಿಯುತ್ತೆ ಅಂತ ನಾನು ಹೇಳಲ್ಲ."

ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತು ಭೀಮೇಶ ಆಫೀಸಿನ ಬಾಗಿಲು ಓರೆ ಮಾಡಿ, ಡ್ರೈವನ್ನು ಊಟದ ಚೀಲದೊಳಗೇ ಬಿಟ್ಟು, ತಂತಿಯನ್ನು ಮಾತ್ರ ಮೇಜಿನ ಹಿಂದಿನಿಂದ ಲ್ಯಾಪ್‌ಟಾಪಿಗೆ ಚುಚ್ಚಿ, ಬಳಗದ ಟೈಪಿಂಗ್ ಮಾಡುತ್ತಿದ್ದ. ಒಂದು ಕೈಯಲ್ಲಿ ಟೈಪಿಂಗ್, ಒಂದು ಕಿವಿ ಮೆಟ್ಟಿಲ ಕಡೆಗೆ. ಬೆಂಚಿನ ಕಾಗದವೂ ಆ ಡ್ರೈವಿನೊಳಗೇ ಇತ್ತು.

ಮೂರನೆಯ ವಾರದ ಶುಕ್ರವಾರ ಬೆಳಗ್ಗೆ ಬಾಲಮ್ಮ ‘ಏನಂದ್ರಣ್ಣ’ ಎನ್ನಲಿಲ್ಲ. ಅವನನ್ನು ನೋಡಿದಳು, ತನ್ನ ಮೊಣಕಾಲನ್ನು ನೋಡಿಕೊಂಡಳು. ಅದನ್ನು ಭೀಮೇಶನಿಗೆ ತಡೆಯಲಾಗಲಿಲ್ಲ. ಇವತ್ತು ಕೊಟ್ಟೇಬಿಡುತ್ತೇನೆ ಎಂದು ನಿಶ್ಚಯಿಸಿದ. ಊಟ ಮುಟ್ಟಲಿಲ್ಲ; ಡ್ರೈವ್ ಚುಚ್ಚಿ ಕಾಗದ ತೆರೆದ. ಆದರೆ ಕೊಡುವ ಮೊದಲು ಒಂದೇ ಒಂದು ಸಣ್ಣ ಕೆಲಸ ಬಾಕಿಯಿತ್ತು: ಸುಗತ ಕಿತ್ತು ಹಾಕಿದ್ದ ಏಳು ‘ದಯವಿಟ್ಟು’ಗಳನ್ನು ಆಯಾ ಜಾಗದಲ್ಲಿ ಮತ್ತೆ ನೆಡುವುದು. ಮೊದಲನೆಯದರ ‘ದ’ ಒತ್ತಬೇಕು, ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಕೇಳಿಸಿತು.

ಭೀಮೇಶ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಮುಚ್ಚಳ ಮುಚ್ಚಿದರೆ ಒಳಗಿನದು ಹೋಗಿಬಿಡುತ್ತದೆ ಎಂಬುದು ಅವನ ನಂಬಿಕೆ. ಅದು ನಿದ್ದೆ ಮಾತ್ರ ಮಾಡುತ್ತದೆ ಎಂದು ಮುಕ್ತಾರ್ ಹೇಳಿರಲಿಲ್ಲ. ಟ್ಯಾಂಕರ್ ಬಂತು ಸಾರ್ ಎಂದು, ಬಾರದ ಟ್ಯಾಂಕರಿನ ಕಡೆಗೆ ಅವನು ಓಡಿದ. ಮಧುಕರ್ ಕುರ್ಚಿಯಲ್ಲಿ ಕೂತು ಮುಚ್ಚಳ ಎತ್ತಿದರು.

ಭೀಮೇಶ ವಾಪಸು ಬರುವಷ್ಟರಲ್ಲಿ ಆಫೀಸಿನಲ್ಲಿ ಆರು ಜನ ಸೇರಿದ್ದರು. ಲ್ಯಾಪ್‌ಟಾಪಿನಲ್ಲಿ ಇನ್ನೂರ ಹದಿನಾಲ್ಕು ಫ್ಲ್ಯಾಟುಗಳ ಯಾವ ಫೈಲೂ ಇರಲಿಲ್ಲ. ಹಂಸದ ಚಿತ್ರವಿದ್ದ ಪರದೆ ಹೋಗಿ ನೀಲಿ ಪರದೆ ಬಂದಿತ್ತು. ಮೂಲೆಯಿಂದ ಮೂಲೆಗೆ ಎಲ್ಲ ಕನ್ನಡ. ಮಧುಕರ್ ಕನ್ನಡದವರೇ, ಬಸವನಗುಡಿಯಲ್ಲಿ ಹುಟ್ಟಿದವರು. ಆದರೆ ಶಾಲೆ ಬಿಟ್ಟ ಮೇಲೆ ಕನ್ನಡ ಓದುವ ಪ್ರಸಂಗ ಮದುವೆಯ ಕರೆಯೋಲೆಗಳಲ್ಲಿ ಬಿಟ್ಟರೆ ಬಂದಿರಲಿಲ್ಲ. ಅವರ ಬೆವರು ಕಂಡು ಭೀಮೇಶನಿಗೂ ಬೆವರು ಕಿತ್ತುಕೊಂಡಿತು. ಕೈ ಕಾರ್ಡಿಗೆ ಹೋಯಿತು.

ಏಳನೆಯ ಮಹಡಿಯ ಪ್ರಿಯಾಳನ್ನು ಕರೆಸಿದರು. ಅವಳು ಆಂಟಿವೈರಸ್ ಮಾರುವ ಕಂಪನಿಯೊಂದರಲ್ಲಿ ಸೇಲ್ಸ್ ಮ್ಯಾನೇಜರ್; ವೈಟ್ ಸ್ವಾನಿನ ಮಟ್ಟಿಗೆ ಅದಕ್ಕಿಂತ ದೊಡ್ಡ ತಜ್ಞರಿರಲಿಲ್ಲ. ಅವಳು ಪರದೆಯನ್ನು ಹತ್ತಿರದಿಂದ, ದೂರದಿಂದ, ಪಕ್ಕದಿಂದ ನೋಡಿ ಉಸಿರು ಬಿಟ್ಟಳು.

"ಅಂಕಲ್, ಇದು ಹ್ಯಾಕರ್ಸ್ ಕೆಲಸ. ಫೈಲ್ಸ್ ಎಲ್ಲ ಒತ್ತೆ ಇಟ್ಕೊಂಡು, ಒಂದ್ ಲೆಟರ್ ಬಿಟ್ಟು ಹೋಗ್ತಾರೆ. ಈ ಓಪನ್ ಆಗಿರೋದೇ ಆ ಲೆಟರ್. ಯಾರೂ ಮುಟ್ಬೇಡಿ. ಸ್ವಿಚ್ ಆಫ್ ಮಾಡಿದ್ರೆ ಎಲ್ಲ ಅಳ್ಸಿ ಹೋಗುತ್ತೆ."

ತನಿಖೆಯೆಂದರೆ ತನಿಖೆಯೇ ಎಂದು ಅವಳು ತಂತಿಗಳನ್ನೂ ಬೆರಳು ಮಾಡಿ ಎಣಿಸಿದಳು. ಒಂದು ಚಾರ್ಜರಿಗೆ. ಒಂದು ಮೌಸಿಗೆ. ಮೂರನೆಯದು ಮೇಜಿನ ಹಿಂದಿನಿಂದ ಇಳಿದು, ಕೆಳಗಿದ್ದ ಬಟ್ಟೆಯ ಚೀಲದ ಬಾಯೊಳಗೆ ಹೋಗಿತ್ತು. ಬಗ್ಗಿ ಕೈ ಚಾಚಿದಳು.

"ಅದು ಭೀಮೇಶನ ಊಟದ ಚೀಲ," ಎಂದರು ಮಧುಕರ್.

ಪ್ರಿಯಾಳ ಕೈ ಹಿಂದಕ್ಕೆ ಬಂತು. ಫೋನು ಚಾರ್ಜಿಗೆ ಇಟ್ಟಿರಬೇಕು ಎಂದು ತಾನೇ ಉತ್ತರ ಹೇಳಿಕೊಂಡಳು. ತಂತಿ ಚೀಲದ ಬಾಯಿಯವರೆಗೆ ಹೋಗಿತ್ತು. ತನಿಖೆಯೂ ಅಲ್ಲಿಯವರೆಗೆ ಮಾತ್ರ ಹೋಯಿತು. ವೈಟ್ ಸ್ವಾನಿನಲ್ಲಿ ಎಂಟು ವರ್ಷಗಳಿಂದ ಆ ಚೀಲವನ್ನು ಭೀಮೇಶನ ಹೊರತು ಯಾರೂ ಮುಟ್ಟಿರಲಿಲ್ಲ. ಯಾಕೆಂದು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅದರಿಂದ ಭೀಮೇಶನಿಗೆ ಲಾಭವಾದದ್ದು ಅದೇ ಮೊದಲು.

ಕಾಗದ ಓದುವುದಕ್ಕೆ ಮಧುಕರ್ ಅವರ ತಾಯಿ ಸುಭದ್ರಮ್ಮನವರನ್ನು ಲಿಫ್ಟಿನಲ್ಲಿ ಇಳಿಸಿಕೊಂಡು ಬಂದರು. ಅವರು ದಿನವೂ ಕನ್ನಡ ಪೇಪರು ಓದುವವರು. ಕನ್ನಡಕ ಹಾಕಿ, ಗಂಟಲು ಸರಿಮಾಡಿಕೊಂಡು, ಹರಿಕಥೆಗೆ ಕೂತವರ ಹಾಗೆ ನಿಧಾನವಾಗಿ ಓದಿದರು.

"‘ಗೇಟಿನ ಪಕ್ಕದ ಬೆಂಚನ್ನು ತೆಗೆಯಲಾಗಿದೆ. ತೆಗೆಸಿದವರು ಯಾರೆಂದು ನಮಗೆ ಗೊತ್ತು. ನಿಮ್ಮ ಮನೆಗಳ ಬೀಗದ ಕೈ ನಮ್ಮ ಬಳಿ ಇವೆ. ನಾವು ದಿನವೂ ನಿಮ್ಮ ಮನೆಯೊಳಗೆ ಬರುತ್ತೇವೆ. ನೀವು ಏಳುವ ಹೊತ್ತು, ಉಣ್ಣುವ ಹೊತ್ತು, ನಿಮ್ಮ ಮಕ್ಕಳ ಶಾಲೆಯ ಬಸ್ಸು, ಎಲ್ಲ ನಮಗೆ ಗೊತ್ತು. ಸೋಮವಾರ ಬೆಳಗ್ಗೆ ಏಳು ಗಂಟೆಯೊಳಗೆ ಬೆಂಚು ಅದೇ ಜಾಗದಲ್ಲಿ ಇರತಕ್ಕದ್ದು. ಇಂತಿ, ಬೆಂಚಿನವರು.’"

ಇದೇ ಕಾಗದ ಹಲಸೂರಿನಲ್ಲಿ ಓದಿದಾಗ ಎಷ್ಟು ಸಾಧುವಾಗಿತ್ತು ಎಂದು ಭೀಮೇಶ ನೆನೆದುಕೊಂಡ. ಇಲ್ಲಿ ಕೇಳಿದಾಗ ಅವನ ಬೆನ್ನುಹುರಿಯಲ್ಲೂ ಏನೋ ಹರಿಯಿತು. ಬರೆದವನು ತಾನೇ ಎಂಬುದು ನೆನಪಾಗಿ ಇನ್ನಷ್ಟು ಹರಿಯಿತು.

"ಎಷ್ಟು ಕೇಳಿದ್ದಾರೆ?" ಎಂದರು ಮಧುಕರ್.

"ದುಡ್ಡಿನ ಮಾತೇ ಇಲ್ವಲ್ಲೋ. ಬೆಂಚು ಕೇಳಿದ್ದಾರೆ," ಎಂದರು ತಾಯಿ. ಅವರ ದನಿ ಬಿದ್ದುಹೋಗಿತ್ತು. ಬೆಂಚು ತೆಗೆಸು, ಗೇಟಿನ ಮುಂದೆ ಅವರನ್ನು ಕೂರಿಸಿಕೊಂಡರೆ ಬಂದವರು ಏನೆಂದುಕೊಳ್ಳುತ್ತಾರೆ ಎಂದು ಮಗನ ಕಿವಿಯಲ್ಲಿ ಮೊದಲು ಹೇಳಿದವರು ಅವರೇ. ಅದೂ ಅಡುಗೆಮನೆಯಲ್ಲಿ, ಬಾಲಮ್ಮ ಪಾತ್ರೆ ತೊಳೆಯುತ್ತಿದ್ದಾಗ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಿದ್ದ ಮೇಲೆ ಎಲ್ಲೋ ರಷ್ಯಾದಲ್ಲಿ ಕೂತ ಈ ಪಾಪಿಗಳಿಗೆ ಹೇಗೆ ಗೊತ್ತಾಯಿತು?

ಕೆಲಸದವರೇ ಬರೆದಿರಬಹುದೇ ಎಂಬ ಅನುಮಾನ ಒಂದು ಕ್ಷಣ ಹಾದುಹೋಯಿತು. ಮಧುಕರ್ ಅದನ್ನು ಅಲ್ಲೇ ಅಡಗಿಸಿದರು. ಕೆಲಸದವರ ಅರ್ಜಿಗಳ ಫೈಲು ಅವರ ಬಳಿ ಇತ್ತು. ಎಲ್ಲ ‘ಮಾನ್ಯರೇ’ ಎಂದು ಶುರುವಾಗಿ ‘ದಯವಿಟ್ಟು’ ಎಂದು ಮುಗಿಯುವಂಥವು, ಎಲ್ಲವನ್ನೂ ಬರೆದುಕೊಟ್ಟವನೂ ಅವರಿಗೆ ಓದಿ ಹೇಳಿದವನೂ ಭೀಮೇಶ.

"ನೀನೇ ಹೇಳು ಭೀಮೇಶ್, ನಮ್ಮ ಕೆಲಸದವ್ರು ಹೀಗೆ ಬರೀತಾರಾ? ಒಂದು ಪ್ಲೀಸ್ ಇಲ್ಲ, ಏನಿಲ್ಲ."

"ಇಲ್ಲ ಸಾರ್," ಎಂದ ಭೀಮೇಶ. ಅವನ ಮಟ್ಟಿಗೆ ಅದು ನಿಜವೇ ಆಗಿತ್ತು.

"ಬೆಂಚ್ ಬರೀ ಟೆಸ್ಟ್ ಅಂಕಲ್," ಎಂದು ಪ್ರಿಯಾ ಪಿಸುಗುಟ್ಟಿದಳು. "ಮೊದ್ಲು ಚಿಕ್ಕದು ಕೇಳ್ತಾರೆ. ಕೊಡ್ಲಿಲ್ಲ ಅಂದ್ರೆ ಆಮೇಲೆ ಕೇಳೋದು ಬೇರೆ."

ಆಫೀಸಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಧುಕರ್ ಜೇಬಿಗೆ ಇಳಿಸಿದರು. ಒಳಗೆ ಲ್ಯಾಪ್‌ಟಾಪ್ ಓಡುತ್ತಿತ್ತು. ಮೇಜಿನ ಕೆಳಗೆ ಚೀಲ, ಚೀಲದಲ್ಲಿ ಡ್ರೈವ್, ಡ್ರೈವಿನ ಪಕ್ಕ ಒಣಮೀನಿನ ಗೊಜ್ಜು.

ಬರಿಗೈಯಲ್ಲಿ ಮನೆಗೆ ಬಂದ ಭೀಮೇಶನನ್ನು ಹೆಂಡತಿ ಭಾಗ್ಯಲಕ್ಷ್ಮಿ, ಕ್ಯಾರಿಯರ್ ಎಲ್ಲಿ ಎಂದು ಕೇಳಿದಳು. ಅದು ಅವಳ ತವರಿನ ಕ್ಯಾರಿಯರ್. ಅವನು ಅಡುಗೆಮನೆಗೆ ಹೋಗಿ, ಪೊಲೀಸ್ ತನಿಖೆಯಲ್ಲಿದೆ ಎಂದ. ಅವಳು ಅವನ ಹಿಂದೆಯೇ ಅಡುಗೆಮನೆಗೆ ಬಂದು, ಗೊಜ್ಜಿಗೆ ಉಪ್ಪು ಜಾಸ್ತಿಯಾಗಿತ್ತು ನಿಜ, ಅಷ್ಟಕ್ಕೆಲ್ಲ ಪೊಲೀಸು ಯಾಕೆ ಎಂದಳು.

ಸುಳ್ಳಾಗಿ ಹೇಳಿದ್ದು ಶನಿವಾರ ನಿಜವಾಯಿತು. ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ನಿಂಗಣ್ಣ ಬೈಕಿನಲ್ಲಿ ಬಂದರು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ಬ್ಯಾಟರಿ ಸೋರುತ್ತಿರಬೇಕು, ಕೆಮಿಕಲ್ ವಾಸನೆ ಎಂದು ಪ್ರಿಯಾ ವಿವರಿಸಿದಳು. ನಿಂಗಣ್ಣನವರಿಗೆ ಆ ವಾಸನೆ ಎಲ್ಲೋ ಪರಿಚಿತವೆನಿಸಿ ಹಸಿವಾಯಿತು, ಆದರೆ ಕರ್ತವ್ಯದ ಮೇಲಿದ್ದರು. ನೋಟ್‌ಬುಕ್ ತೆಗೆದು ಕೇಳತೊಡಗಿದರು.

"ಲ್ಯಾಪ್‌ಟಾಪ್ ಕಳುವಾಗಿದೆಯಾ?"

ಇಲ್ಲ, ಇಲ್ಲೇ ಇದೆ ಎಂದರು.

"ದುಡ್ಡು?"

ಇಲ್ಲ ಎಂದರು.

"ಮತ್ತೆ ಹೋಗಿರೋದೇನು?"

"ಬೆಂಚು," ಎಂದು ಸುಭದ್ರಮ್ಮನವರ ಬಾಯಿಂದ ಜಾರಿತು.

"ಬೆಂಚು ತಗೊಂಡೋದವ್ರು ಯಾರಮ್ಮ?"

ಕೊನೆಗೆ ಮಧುಕರ್, ನಾವೇ, ಆದರೆ ಅದು ಜನರಲ್ ಬಾಡಿಯ ತೀರ್ಮಾನ ಎಂದರು. ನಿಂಗಣ್ಣ ಪೆನ್ನಿನಿಂದ ಕಿವಿ ಕೆರೆದುಕೊಂಡು ನೋಟ್‌ಬುಕ್ ನೋಡಿದರು. ತೆಗೆದುಕೊಂಡವರು ನೀವು, ವಾಪಸು ಕೇಳುತ್ತಿರುವವರು ಅವರು. ಹಾಗಿದ್ದ ಮೇಲೆ ಕಂಪ್ಲೇಂಟ್ ಯಾರ ಮೇಲೆ ಬರೆಯಲಿ ಎಂದು ಕೇಳಿ, ನೋಟ್‌ಬುಕ್ ಮಡಚಿ ಬೈಕಿನ ಕಡೆ ಹೊರಟರು. ಹೋಗುವಾಗ ಭೀಮೇಶನ ಮಗುಚಿದ ಕಾರ್ಡಿನ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಂತಿತು. ಆ ಒಂದು ಗಳಿಗೆಯಲ್ಲಿ ಭೀಮೇಶ ಕೈಕೋಳ ತೊಟ್ಟು, ಜೀಪು ಹತ್ತಿ, ಕೋರ್ಟಿಗೆ ಹೋಗಿ, ಶಿಕ್ಷೆ ಮುಗಿಸಿ, ಹಣ್ಣುಹಣ್ಣು ಮುದುಕನಾಗಿ ಹೊರಗೆ ಬಂದ. "ಬೆವರ್ತಾ ಇದೀಯಲ್ಲಪ್ಪ, ನೀರು ಕುಡಿ," ಎಂದಷ್ಟೇ ಹೇಳಿ ನಿಂಗಣ್ಣ ಹೊರಟುಹೋದರು.

ಪೊಲೀಸರೂ ಕೈಬಿಟ್ಟರು ಎಂಬ ಸುದ್ದಿ ವಾಟ್ಸಾಪ್ ಗುಂಪಿಗೆ ಬಿದ್ದದ್ದೇ ತಡ, ವೈಟ್ ಸ್ವಾನ್ ನಡುಗಿಹೋಯಿತು. ಬೀಗದ ಕೈ ನಮ್ಮ ಬಳಿ ಇವೆ ಎಂಬ ಸಾಲು ಇಂಗ್ಲಿಷಿಗೆ, ಹಿಂದಿಗೆ, ತಮಿಳಿಗೆ ತಿರುಗಿ ಮಹಡಿಯಿಂದ ಮಹಡಿಗೆ ಹತ್ತಿತು. ಬೆಂಚು ತೆಗೆಯಿರಿ ಎಂದು ಹಿಂದೆ ಗುಂಪಿನಲ್ಲಿ ಹೆಬ್ಬೆರಳು ಎತ್ತಿದ್ದವರು ತಮ್ಮ ಹೆಬ್ಬೆರಳುಗಳನ್ನು ಒಂದೊಂದಾಗಿ ಅಳಿಸಿದರು. ಮಕ್ಕಳನ್ನು ಬಸ್ಸಿಗೆ ಕಳಿಸುವುದಿಲ್ಲ ಎಂದರು ಕೆಲವರು. ಭಾನುವಾರ ಎಲ್ಲೆಲ್ಲಿಂದಲೋ ಹತ್ತಾರು ಬೀಗದವರನ್ನು ಕರೆಸಿ, ಬೆಳಗಿನಿಂದ ಸಂಜೆಯವರೆಗೆ ಬಾಗಿಲು ಬಾಗಿಲಿಗೂ ಹೊಸ ಬೀಗ ಹಾಕಿಸಿದರು. ಹಳೆಯ ಬೀಗಗಳು ಹೂಕುಂಡದ ಬಳಿ ರಾಶಿ ಬಿದ್ದವು. ಎಲ್ಲ ಮುಗಿದು, ನೆಮ್ಮದಿಯ ಉಸಿರು ಬಿಟ್ಟು, ಹೊಸ ಬೀಗದ ಒಂದೊಂದು ಕೈಯನ್ನು ಎಂದಿನಂತೆ ಕೆಲಸದವರಿಗೇ ಕರೆದು ಕೊಟ್ಟರು. ನಾಳೆ ಪಾತ್ರೆ ತೊಳೆಯಬೇಕಲ್ಲ. ಬಾಲಮ್ಮ ಹಳೆಯ ಐದನ್ನು ಬಿಚ್ಚಿ, ಹೊಸ ಐದನ್ನು ಸೆರಗಿಗೆ ಕಟ್ಟಿಕೊಂಡಳು. ಈ ಕೈ ಯಾಕೆ ಬದಲಾಯಿಸಿದರು ಎಂದು ಅವಳು ಕೇಳಲಿಲ್ಲ. ದೊಡ್ಡವರ ಮನೆಯಲ್ಲಿ ಹೀಗೆ ಏನಾದರೊಂದು ನಡೆಯುತ್ತಿರುತ್ತದೆ.

ಸಂಜೆ ತುರ್ತು ಸಭೆಯಲ್ಲಿ ಐದು ನಿಮಿಷಕ್ಕೆ ತೀರ್ಮಾನವಾಯಿತು. ವೈಟ್ ಸ್ವಾನಿನ ಚರಿತ್ರೆಯಲ್ಲಿ ಒಂದು ವಿಷಯ ಐದು ನಿಮಿಷಕ್ಕೆ ತೀರ್ಮಾನವಾದದ್ದು ಅದೇ ಮೊದಲು.

"ಕೊಟ್ಟುಬಿಡೋ, ಬೆಂಚು ತಾನೆ," ಎಂದರು ಸುಭದ್ರಮ್ಮ. "ಜೀವ ಇದ್ರೆ ಇನ್ನೊಂದ್ಸಲ ತೆಗೆಸ್ಬಹುದು."

ಸೋಮವಾರ ಆರೂವರೆಗೆ ಸೆಕ್ಯೂರಿಟಿಯವರು ಹೂಕುಂಡಗಳನ್ನು ಸರಿಸಿ ಬೆಂಚು ಇಟ್ಟರು. ಅರ್ಧ ಅಡಿ ಆಚೆಯಾಯಿತು ಎಂದು ಮಧುಕರ್ ಅವರೇ ಬಗ್ಗಿ, ಬೆಂಚಿನ ಕಾಲಿನ ಹಳೆಯ ಗುರುತು ಹುಡುಕಿ, ‘ಅದೇ ಜಾಗ’ಕ್ಕೆ ತಳ್ಳಿಸಿದರು. ಏಳು ಗಂಟೆಗೆ ಎಲ್ಲರೂ ಆಫೀಸಿನ ಬಾಗಿಲಲ್ಲಿ ಸೇರಿದರು. ಬೆಂಚು ಕೊಟ್ಟಾಯಿತು, ಇನ್ನು ಆಫ್ ಮಾಡಿ ನೋಡಬಹುದು, ಆದರೆ ಲ್ಯಾಪ್‌ಟಾಪ್ ಸಿಡಿದರೂ ಸಿಡಿಯಬಹುದು ಎಂದು ಪ್ರಿಯಾ ಹೇಳಿದ್ದರಿಂದ ಒಳಗೆ ಭೀಮೇಶನೊಬ್ಬನನ್ನೇ ಕಳಿಸಿದರು. ಅವನು ದೇವರಿಗೆ ಕೈಮುಗಿಯುವವನ ಹಾಗೆ ಕುರ್ಚಿಯಲ್ಲಿ ಕೂತು, ಮುಕ್ತಾರ್ ಹೇಳಿಕೊಟ್ಟ ಕ್ರಮದಲ್ಲಿ ತನ್ನ ಸಿಸ್ಟಮನ್ನು ಮುಚ್ಚಿ, ಕಾಲಿನ ಹೆಬ್ಬೆರಳಿನಿಂದ ತಂತಿ ಎಳೆದು ಚೀಲದೊಳಗೆ ತಳ್ಳಿ, ಮತ್ತೆ ಸ್ಟಾರ್ಟ್ ಮಾಡಿದ. ಪರದೆಯ ಮೇಲೆ ಹಂಸ ತೇಲಿ ಬಂತು. ಇನ್ನೂರ ಹದಿನಾಲ್ಕು ಫ್ಲ್ಯಾಟುಗಳ ಫೈಲುಗಳು ಇದ್ದಲ್ಲೇ ಇದ್ದವು.

ಬಾಗಿಲಲ್ಲಿ ಚಪ್ಪಾಳೆ ಎದ್ದಿತು. ಹ್ಯಾಕರ್‌ಗಳು ಮಾತಿಗೆ ತಪ್ಪದವರು ಎಂದು ಮಧುಕರ್ ಒಪ್ಪಿಕೊಂಡರು; ತಾವು ಅವರನ್ನು ನಿಭಾಯಿಸಿದ ಬಗೆಯನ್ನೂ ಸ್ವಲ್ಪ ಹೇಳಿದರು. ಗುಂಪಿಗೆ ಹಾಕಲು ಬೆಂಚಿನ ಒಂದು ಫೋಟೊ ಬೇಕೆಂದು ತಾಯಿಯನ್ನೂ ಭೀಮೇಶನನ್ನೂ ಕರೆದುಕೊಂಡು ಗೇಟಿಗೆ ಬಂದರು.

ಬೆಂಚಿನ ಮೇಲೆ ಬಾಲಮ್ಮ ಎಡಗಾಲು ಚಾಚಿಕೊಂಡು ಕೂತಿದ್ದಳು. ಪಕ್ಕದಲ್ಲಿ ಇನ್ನೂ ಮೂವರು. ಚೀಲ ಎದೆಗೆ ಅಪ್ಪಿಕೊಂಡು ಬರುತ್ತಿದ್ದ ಭೀಮೇಶನನ್ನು ಕಂಡದ್ದೇ ಅವಳ ಮುಖ ಅರಳಿತು. ಹ್ಯಾಕರ್‌ಗಳ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಹೇಳುವಂಥ ಸುದ್ದಿಯೆಂದು ಯಾರಿಗೂ ಅನಿಸಿರಲಿಲ್ಲ.

"ಅಣ್ಣಾ, ನಿನ್ನ ಕಾಗದ ಕೆಲಸ ಮಾಡ್ತು ನೋಡು," ಎಂದಳು. "ಪರಿಶೀಲನ್ಯಾಗೈತಿ ಅಂದಾಗ ನಾ ನಂಬಿದ್ದಿಲ್ಲ. ಸಾಹೇಬ್ರು ಓದ್ಯಾರ."

ಭೀಮೇಶ ಕಣ್ಣಿನಲ್ಲಿ, ಹುಬ್ಬಿನಲ್ಲಿ, ಚೀಲದಲ್ಲಿ ಸನ್ನೆ ಮಾಡಿದ. ಬಾಲಮ್ಮ ಅದನ್ನು ‘ಕಾಗದ ಒಪ್ಪಿಸು’ ಎಂಬ ಅಪ್ಪಣೆಯೆಂದು ತಿಳಿದಳು. ಬಳಗದಲ್ಲಿ ಮೂರು ಸಲ ಕೇಳಿದ್ದ ಕಾಗದ ಅವಳಿಗೆ ಬಾಯಿಪಾಠವಾಗಿತ್ತು. ಗೇಟಿನ ಪಕ್ಕದ ಬೆಂಚನ್ನು ತೆಗೆಯಲಾಗಿದೆ ಎಂದು ಶುರುಮಾಡಿ, ಸುಗತ ನಿಲ್ಲಿಸಿದಲ್ಲಿ ನಿಲ್ಲಿಸುತ್ತಾ, ಬೀಗದ ಕೈ ಎನ್ನುವಾಗ ಸೆರಗಿನ ಗಂಟು ಎತ್ತಿ ತೋರಿಸುತ್ತಾ, ‘ಇಂತಿ, ಬೆಂಚಿನವರು’ ಎನ್ನುವವರೆಗೆ ಒಂದು ಪದ ತಪ್ಪದೆ ಒಪ್ಪಿಸಿದಳು. ಕೊನೆಯ ಮಾತಿಗೆ ಪಕ್ಕದ ಮೂವರೂ ದನಿಗೂಡಿಸಿದರು.

"ಅಯ್ಯೋ, ಇವರಾ," ಎಂದರು ಸುಭದ್ರಮ್ಮ. ಮೂರು ದಿನದಿಂದ ಅವರ ಮುಖದಲ್ಲಿದ್ದ ಹೆದರಿಕೆ ಒಂದೇ ಸಲಕ್ಕೆ ಇಳಿದುಹೋಯಿತು. ಹೆದರಿಕೆ ಇಳಿದ ಮೇಲೆ ಕೆಳಗಿದ್ದ ಹಳೆಯ ಮುಖ ಕಾಣಿಸಿತು. "ಏಳ್ರೇ ಮೇಲೆ."

ಮೂವರು ಎದ್ದರು. ಬಾಲಮ್ಮನ ಮೊಣಕಾಲು ಅಷ್ಟು ಬೇಗ ಏಳುವಂಥದ್ದಲ್ಲ.

ಮಧುಕರ್ ಚೀಲದ ಕಡೆಗೆ, ಚೀಲದಿಂದ ಇಣುಕುತ್ತಿದ್ದ ತಂತಿಯ ಕಡೆಗೆ ನೋಡಿದರು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಭೀಮೇಶನಿಗೆ ಅಭ್ಯಾಸವಿತ್ತು. ಅವರು ಹತ್ತಿರ ಬಂದು ಸಣ್ಣ ದನಿಯಲ್ಲಿ, ವಿಷಯ ಗುಂಪಿಗೆ ಗೊತ್ತಾಗುವುದು ಬೇಡ, ನಿನಗೂ ಮರ್ಯಾದೆ, ನನಗೂ ಮರ್ಯಾದೆ ಎಂದರು. ಹ್ಯಾಕರ್‌ಗಳು ಹೋದರು, ಇನ್ನು ಬೆಂಚಿನ ಅಗತ್ಯವಿಲ್ಲ; ಒಂದು ತುದಿ ನೀನು ಹಿಡಿ, ಜನರೇಟರ್ ಕೋಣೆಗೆ ಹಾಕು, ಎಲ್ಲ ಮರೆಯೋಣ; ಇಲ್ಲವಾದರೆ ನಾಳೆಯಿಂದ ಬರಬೇಡ, ಆ ಕಾನ್‌ಸ್ಟೇಬಲ್ ನಂಬರು ನನ್ನ ಫೋನಿನಲ್ಲೇ ಇದೆ ಎಂದರು.

ಭೀಮೇಶ ಬೆಂಚಿನ ಬಳಿಗೆ ಹೋದ. ಯಾವ ತುದಿಯನ್ನು ಹಿಡಿದು ಹೊತ್ತಿದ್ದನೋ ಅದೇ ತುದಿ. ಬಗ್ಗಿದ. ಬಾಲಮ್ಮ ಅವನ ಕಡೆ ನೋಡಲಿಲ್ಲ. ಹಲಗೆಯ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಮೊಣಕಾಲನ್ನು ಎತ್ತಿ ಎತ್ತಿ ನೆಲಕ್ಕೆ ತರುತ್ತಿದ್ದಳು. ಅಷ್ಟರಲ್ಲಿ ಭೀಮೇಶನ ಕಾಲುಗಳೇ ನಡುಗಿ, ನಿಲ್ಲಲಾಗದೆ ಅವನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ. ಎಂಟು ವರ್ಷದಲ್ಲಿ ಅವನು ಅದರ ಮೇಲೆ ಕೂತಿರಲಿಲ್ಲ. ಕ್ಯಾರಿಯರ್ ಒಳಗೆ ಖಣ್ ಎಂದಿತು. ಮೂರು ದಿನದ ಗೊಜ್ಜಿನ ವಾಸನೆ ಗೇಟಿನ ತುಂಬ ಹರಡಿತು. ಬಾಲಮ್ಮ ಮೊಣಕಾಲಿನಿಂದ ಕೈ ತೆಗೆದಳು. ಎದ್ದಿದ್ದ ಮೂವರಲ್ಲಿ ಒಬ್ಬಳು ಮತ್ತೆ ಕೂತಳು.

"ಏನಾಯ್ತು?" ಎಂದರು ಮಧುಕರ್. "ಭಾರ ಆಗುತ್ತಾ? ಸೆಕ್ಯೂರಿಟಿ ಕರ್ಕೋ."

ಭೀಮೇಶನ ಕೈ ಕಾರ್ಡಿಗೆ ಹೋಯಿತು. ಅದು ಮೊದಲೇ ಮಗುಚಿತ್ತು, ಮಗುಚುವುದಕ್ಕೆ ಏನೂ ಉಳಿದಿರಲಿಲ್ಲ.

"ಭಾರ ಏನಿಲ್ಲ ಸಾರ್," ಎಂದ. "ಎತ್ತಲ್ಲ."